ಮೂರು ಫ್ರೇಮು, ಆರು ಜೋಡಿ ಬೂಟು

ನನ್ನ ಹಳೆಯ ಕ್ಯಾಮೆರಾ ಕೆಟ್ಟದ್ದು ನವೆಂಬರಿನ ಒಂದು ಮಂಗಳವಾರ, ಬೆಳಿಗ್ಗೆ ಎಂಟೂಕಾಲಿಗೆ. ಪ್ರತಿ ಮಂಗಳವಾರ ಅದನ್ನು ಪೆಟ್ಟಿಗೆಯಿಂದ ತೆಗೆದು, ಒರೆಸಿ, ಎರಡು ಸಲ ಕ್ಲಿಕ್ ಮಾಡಿ ಮತ್ತೆ ಒಳಗಿಡುವುದು ನನ್ನ ಪದ್ಧತಿ. ಅಂದು ಮೊದಲ ಕ್ಲಿಕ್ಕಿಗೇ ಒಳಗಿನ ಪುಟ್ಟ ಕನ್ನಡಿ ಮೇಲೆದ್ದದ್ದು ಕೆಳಗಿಳಿಯಲಿಲ್ಲ. ಕಣ್ಣಿಟ್ಟು ನೋಡಿದರೆ ಬರೀ ಕತ್ತಲೆ. ಹದಿನಾಲ್ಕು ವರ್ಷ ನನ್ನ ಕೈಯಲ್ಲಿದ್ದು ಒಮ್ಮೆಯೂ ಕೆಡದ ವಸ್ತು ಅದು.

ನಮ್ಮ ಮನೆಯಿರುವ ಉಪ್ಪಲ್‌ನಿಂದ ಕ್ಯಾಮೆರಾ ಅಂಗಡಿಗಳಿರುವ ಕೋಠಿಗೆ ಹೋದೆ. ಅಲ್ಲಿ ರಿಪೇರಿ ಮಾಡುವವನು ಕ್ಯಾಮೆರಾವನ್ನು ತಿರುಗಿಸಿಯೂ ನೋಡಲಿಲ್ಲ. ಹೆಸರು ಓದಿ ವಾಪಸ್ ಕೊಟ್ಟ.

"ಇಸ್ಕೆ ಪಾರ್ಟಾಂ ಆನಾ ಬಂದ್ ಹೋಗಯೇ ಅಂಕಲ್. ಅಬ್ ಸಬ್ ಮಿರರ್‌ಲೆಸ್ಸಿಚ್ ಹೈ."

ಕನ್ನಡಿ ಇರುವ ಕ್ಯಾಮೆರಾಗಳ ಕಾಲ ಮುಗಿಯಿತು, ಬಿಡಿಭಾಗಗಳೂ ಮುಗಿದವು ಎಂದು ಅವನ ಅರ್ಥ. ಕನ್ನಡಿಯಿಂದ ಇವರಿಗೆ ಏನು ತೊಂದರೆಯಾಗಿತ್ತು ಎಂದು ಕೇಳಿದೆ. ಅವನು ನಕ್ಕ. ಪಕ್ಕದಲ್ಲಿ ಇಬ್ಬರು ಮದುವೆ ಫೋಟೋಗ್ರಾಫರುಗಳು ತಮ್ಮ ಹಳೆಯ ಕ್ಯಾಮೆರಾಗಳನ್ನು ಸಿಕ್ಕ ಬೆಲೆಗೆ ಮಾರಲು ನಿಂತಿದ್ದರು. ಅವರೂ ನಕ್ಕರು.

ನನಗೆ ನಗುವಷ್ಟು ಸಮಯ ಇರಲಿಲ್ಲ. ಡಿಸೆಂಬರಿನ ಮೊದಲ ಭಾನುವಾರಕ್ಕೆ ಹನ್ನೆರಡು ದಿನ ಉಳಿದಿದ್ದವು.

ಆ ಭಾನುವಾರದ ವಿಷಯ ಹೇಳಬೇಕು. ನಾನು ದುಡಿದದ್ದು ಇಲ್ಲಿಯ ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ, ಟೂಲ್ ರೂಮಿಗೆ ಸೇರಿದ ಫೋಟೋ ವಿಭಾಗದಲ್ಲಿ. ಮುರಿದ ಭಾಗಗಳ, ಬಿರುಕುಗಳ ಫೋಟೋ ತೆಗೆಯುವ ಕೆಲಸ. ಆ ಟೂಲ್ ರೂಮಿನಲ್ಲಿ ನಾವು ಹತ್ತು ಮಂದಿ ಕನ್ನಡದವರಿದ್ದೆವು. ಬೀದರ್, ಕಲಬುರಗಿ, ವಿಜಯಪುರ, ಧಾರವಾಡ, ಹೀಗೆ ಬೇರೆ ಬೇರೆ ಕಡೆಯವರು. ಆ ಹತ್ತರಲ್ಲೇ ಒಬ್ಬರು ಎಲ್ಲರಿಗೂ ಮೇಲಿನ ಫೋರ್‌ಮನ್ ಸಾಹೇಬರು. ಅವರು ನಿವೃತ್ತರಾದ ವರ್ಷದಿಂದ ನಮ್ಮದೊಂದು ಪದ್ಧತಿ ನಡೆದುಬಂದಿದೆ. ಡಿಸೆಂಬರಿನ ಮೊದಲ ಭಾನುವಾರ ಬೆಳಿಗ್ಗೆ ಏಳೂವರೆಗೆ ತಾರ್ನಾಕದ ಅವರ ಬಾಡಿಗೆ ಮನೆಯ ವರಾಂಡದಲ್ಲಿ ಒಂದು ಗ್ರೂಪ್ ಫೋಟೋ. ತೆಗೆಯುವವನು ನಾನು, ನಿಲ್ಲುವವರು ಒಂಬತ್ತು ಮಂದಿ. ಕೆಲಸಕ್ಕೆ ಸೇರಿದ ಕ್ರಮದಲ್ಲಿ ಎಡದಿಂದ ಬಲಕ್ಕೆ. ಮೊದಲನೆಯವರು ಫೋರ್‌ಮನ್ ಸಾಹೇಬರು.

ತೀರಿಕೊಂಡವರ ಜಾಗವನ್ನು ಯಾರೂ ತುಂಬುವಂತಿಲ್ಲ. ಇದು ಸಾಹೇಬರ ನಿಯಮ, ಟೂಲ್ ರೂಮಿನಿಂದ ಬಂದದ್ದು. ಅಲ್ಲಿ ಗೋಡೆಯ ಹಲಗೆಯ ಮೇಲೆ ಪ್ರತಿಯೊಂದು ಹತ್ಯಾರದ ಆಕಾರವನ್ನು ಬಿಳಿ ಬಣ್ಣದಲ್ಲಿ ಬರೆದಿರುತ್ತಿದ್ದರು. ಸುತ್ತಿಗೆ ತೂಗುಹಾಕಿದ್ದರೆ ಸುತ್ತಿಗೆ ಕಾಣುತ್ತದೆ. ಇಲ್ಲದಿದ್ದರೆ ಅದರ ಬಿಳಿ ಆಕಾರ ಕಾಣುತ್ತದೆ. ಸಂಜೆ ಹಲಗೆ ನೋಡಿದರೆ ಸಾಕು, ಏನು ವಾಪಸ್ ಬಂದಿಲ್ಲ ಎಂದು ಗೊತ್ತಾಗುತ್ತಿತ್ತು. ಈಗ ನಮ್ಮ ಸಾಲಿನಲ್ಲಿ ಮೂರು ಖಾಲಿ ಜಾಗಗಳಿವೆ. ಮೂರನೆಯದು, ಐದನೆಯದು, ಎಂಟನೆಯದು. ನಿಂತವರು ಆರು ಮಂದಿ.

ಈ ಫೋಟೋಗಳನ್ನು ಒಂದರ ಮೇಲೊಂದು ಇಟ್ಟರೆ ಕಂಬಕ್ಕೆ ಕಂಬ ಕೂಡಬೇಕು. ಅದಕ್ಕಾಗಿ ನನ್ನ ಬಳಿ ಒಂದು ನೋಟ್‌ಬುಕ್ಕಿದೆ. ಮೆಟ್ಟಿಲಿನಿಂದ ಕ್ಯಾಮೆರಾಕ್ಕೆ ಹದಿನಾರು ಅಡಿ ಎರಡು ಇಂಚು. ಸ್ಟ್ಯಾಂಡಿನ ಎತ್ತರ ನಾಲ್ಕು ಅಡಿ. ವರಾಂಡ ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಬೆಳಿಗ್ಗೆ ನೆರಳು, ಆದ್ದರಿಂದ ಎರಡು ಫ್ಲಾಶ್ ದೀಪ, ಎರಡಕ್ಕೂ ಬಿಳಿ ಛತ್ರಿ, ಅರ್ಧ ಶಕ್ತಿ. ಅಪರ್ಚರ್ ಎಂಟು, ಶಟರ್ ನೂರ ಇಪ್ಪತ್ತೈದು, ಐಎಸ್‌ಒ ನೂರು. ಐಎಸ್‌ಒ ಎಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಎಂಬ ಅಂಕಿ. ಈ ಅಂಕಿಗಳು ಒಂದು ವರ್ಷವೂ ಬದಲಾಗಿಲ್ಲ.

ಈ ಸಲದ ಫೋಟೋ ತಪ್ಪುವಂತಿರಲಿಲ್ಲ. ಸಾಹೇಬರಿಗೆ ಎಂಬತ್ತಾರು. ಮಂಡಿ ಎರಡೂ ಹೋಗಿವೆ. ಮನೆ ಖಾಲಿ ಮಾಡಿ ವಿಜಯಪುರದಲ್ಲಿರುವ ತಂಗಿಯ ಮನೆಗೆ ಹೊರಟಿದ್ದರು. ಭಾನುವಾರ ಫೋಟೋ, ಮಂಗಳವಾರ ಸಾಮಾನು ಕಟ್ಟುವವರು, ಬುಧವಾರ ಪ್ರಯಾಣ. ಆ ವರಾಂಡ, ಆ ಸಾಲು, ಅದರ ತುದಿಯಲ್ಲಿ ನಿಂತ ಸಾಹೇಬರು, ಇದೇ ಕೊನೆ.

ಹೊಸ ಕ್ಯಾಮೆರಾ ಕೊಂಡೆ. ಬೇರೆ ದಾರಿ ಇರಲಿಲ್ಲ. ಹಳೆಯ ಲೆನ್ಸ್ ಅದಕ್ಕೆ ನೇರವಾಗಿ ಕೂಡುವುದಿಲ್ಲ, ನಡುವೆ ಒಂದು ಉಂಗುರ ಬೇಕು, ಅದನ್ನೂ ಕೊಂಡೆ. ಹಿಡಿಯಲು ಹೋದರೆ ಕಿರುಬೆರಳಿಗೆ ಜಾಗವಿಲ್ಲ. ಮೆನು ತೆರೆದರೆ ಪುಟದ ಮೇಲೆ ಪುಟ, ಪುಟದೊಳಗೆ ಮತ್ತೆ ಪುಟ. ಎಲ್ಲಕ್ಕಿಂತ ನನ್ನನ್ನು ರೇಗಿಸಿದ್ದು ಕಣ್ಣಿಡುವ ಕಿಂಡಿ. ಹಳೆಯದರಲ್ಲಿ ಎದುರಿನ ಬೆಳಕೇ ಕನ್ನಡಿಗೆ ಬಡಿದು ಕಣ್ಣಿಗೆ ಬರುತ್ತಿತ್ತು. ಇದರಲ್ಲಿ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಟಿವಿ. ಎದುರಿಗೆ ಹೆಂಡತಿ ಕೂತಿದ್ದರೂ ಕಾಣುವುದು ಹೆಂಡತಿಯಲ್ಲ, ಟಿವಿಯಲ್ಲಿ ಬಂದ ಹೆಂಡತಿ.

"ಟಿವ್ಯಾಗ ಛಲೋ ಕಾಣತೀನೋ ಇಲ್ಲೋ, ಅಷ್ಟ ಹೇಳ್ರಿ," ಎಂದಳು ಅವಳು.

"ತೆಗೆದ ಮ್ಯಾಲೆ ಚಿತ್ರ ಕಣ್ಣ ಮುಂದ ಬಂದು ನಿಂತುಬಿಡತೈತಿ. ತಲಿ ಕೆಡಸತೈತಿ."

"ಅದು ನಿಮಗಿಂತ ಶ್ಯಾಣ್ಯಾ ಐತಿ, ಅದಕ್ಕ ಸಿಟ್ಟು ನಿಮಗ."

ತೆಗೆದ ಚಿತ್ರ ಹಾಗೆ ಬಂದು ನಿಲ್ಲುವುದನ್ನು ಮೆನುವಿನಲ್ಲಿ ಹುಡುಕಿ ಬಂದ್ ಮಾಡಿದೆ. ಇದಕ್ಕೂ ಸಾಹೇಬರದೇ ನಿಯಮ ಕಾರಣ. ಅವರು ನಮಗೆ ಕಲಿಸಿದ್ದು, ಅಳತೆ ಮೊದಲು, ಕೆಲಸ ನಂತರ. ಮುಗಿದ ಮೇಲೆ ಇಣುಕುವವನು ಮೊದಲು ಅಳೆದಿರುವುದಿಲ್ಲ. ಮೂರು ಫ್ರೇಮು ತೆಗೆ, ಸಾಮಾನು ಎತ್ತು, ಹೋಗು. ಡಿಜಿಟಲ್ ಬಂದ ಮೇಲೂ ನಾನು ಕ್ಯಾಮೆರಾದ ಬೆನ್ನಿನ ಪರದೆ ನೋಡಿದವನಲ್ಲ.

ಉಳಿದ ದಿನಗಳೆಲ್ಲ ಪರೀಕ್ಷೆ ಮಾಡಿದೆ. ಲೆನ್ಸ್ ಪರೀಕ್ಷೆ, ಬಿಸಿಲಿನಲ್ಲಿ, ಟೆರೇಸಿನ ಮೇಲೆ: ಸರಿ. ಬ್ಯಾಟರಿ: ಸರಿ. ಫ್ಲಾಶ್ ದೀಪಗಳು, ಅವುಗಳ ಗುಂಡಿ ಒತ್ತಿ: ಸರಿ. ಕ್ಯಾಮೆರಾದ ತಲೆಯ ಮೇಲೆ ಕೂತು ದೀಪಗಳಿಗೆ ಸಂಕೇತ ಕಳಿಸುವ ಟ್ರಿಗರ್: ಸರಿ. ಪಟ್ಟಿಯಲ್ಲಿ ಎಲ್ಲದರ ಮುಂದೆಯೂ ಗುರುತು ಹಾಕಿದೆ. ಬಿಡಿಬಿಡಿಯಾಗಿ ಎಲ್ಲವೂ ಸರಿ. ಒಟ್ಟಿಗೆ ಜೋಡಿಸಿ, ನೆರಳಿನಲ್ಲಿ ನೋಡಲಿಲ್ಲ. ಹಳೆಯ ಕ್ಯಾಮೆರಾಕ್ಕೆ ಅದು ಎಂದೂ ಬೇಕಾಗಿರಲಿಲ್ಲ.

ಭಾನುವಾರ ಆರೂಮುಕ್ಕಾಲಿಗೆ ತಾರ್ನಾಕ ತಲುಪಿ ದೀಪ ನಿಲ್ಲಿಸಿದೆ, ಟೇಪು ಹಿಡಿದು ಅಳೆದೆ. ಏಳೂಕಾಲಿಗೆ ಐದು ಮಂದಿಯೂ ಬಂದರು. ಗಚ್ಚಿಬೌಲಿಯಿಂದ ಬರುವ ನಮ್ಮ ಲೇಥ್ ಆಪರೇಟರ್ ಮೊದಲು ಬಂದು ಹೊಸ ಕ್ಯಾಮೆರಾ ನೋಡಿದ.

"ಏನೋ ಇದು, ಮೊಮ್ಮಗಂದು ಕಸಗೊಂಡು ಬಂದೀಯೇನು?"

"ಅಂಗಡ್ಯಾಗ ತಗೊಂಡೀನಿ."

"ನಾವಾರು ಮಂದಿ ಹಿಡಿಸ್ತೀವೇನೋ ಇದರಾಗ?"

ಸಾಹೇಬರು ಕುರ್ಚಿಯಲ್ಲಿ ಕೂತು ಎಂದಿನಂತೆ ಎಲ್ಲರ ಬೂಟು ನೋಡಿದರು. ಟೂಲ್ ರೂಮಿಗೆ ಚಪ್ಪಲಿ ಹಾಕಿಕೊಂಡು ಬಂದವನನ್ನು ಬಾಗಿಲಿನಿಂದಲೇ ವಾಪಸ್ ಕಳಿಸುತ್ತಿದ್ದರು. ಈ ಫೋಟೋಕ್ಕೂ ಅದೇ ಶಿಸ್ತು: ಕಪ್ಪು ಬೂಟು, ಪಾಲಿಶ್. ಆಮೇಲೆ ಎದ್ದರು. ಒಬ್ಬ ಅವರ ತೋಳು ಹಿಡಿದ, ಕೊಸರಿಕೊಂಡರು. ಕೋಲನ್ನು ಕಂಬದ ಹಿಂದೆ ಒರಗಿಸಿ ತಮ್ಮ ಜಾಗದಲ್ಲಿ ನಿಂತರು.

"ಎರಡು ನಿಮಿಷ ನಿಂದರತೀನಿ. ಅಷ್ಟರಾಗ ಮುಗಸು."

ನಾನು ಕಿಂಡಿಗೆ ಕಣ್ಣಿಟ್ಟೆ. ಕತ್ತಲೆ.

ಲೆನ್ಸಿನ ಮುಚ್ಚಳ ನೋಡಿದೆ, ತೆಗೆದಿತ್ತು. ಕ್ಯಾಮೆರಾ ಆರಿಸಿ ಮತ್ತೆ ಹಚ್ಚಿದೆ. ಕತ್ತಲೆಯೇ. ಎಲ್ಲೋ ಒಂದು ಕಡೆ ವರಾಂಡದ ಅಂಚು ಮಸುಕಾಗಿ ಕಂಡಿತು, ಮನುಷ್ಯರಿಲ್ಲ. ಅಂಕಿಗಳನ್ನು ನೋಡಿದೆ: ಎಂಟು, ನೂರ ಇಪ್ಪತ್ತೈದು, ನೂರು. ನೋಟ್‌ಬುಕ್ಕಿನಲ್ಲಿದ್ದಂತೆಯೇ ಇದ್ದವು.

"ಲೇ, ಆತಿಲ್ಲೋ?" ಸಾಹೇಬರ ದನಿ.

"ಒಂದ್ ನಿಮಿಷ್ರಿ."

"ಒಂದ್ ನಿಮಿಷ ಆತು. ಉಳಿದದ್ದು ಒಂದ."

ಅವರ ಬಲ ಮಂಡಿ ನಡುಗುತ್ತಿತ್ತು. ಅದು ಕಿಂಡಿಯಲ್ಲಿ ಕಾಣಲಿಲ್ಲ. ಕ್ಯಾಮೆರಾದ ಪಕ್ಕದಿಂದ ನನ್ನ ಸ್ವಂತ ಕಣ್ಣಿಗೆ ಕಂಡಿತು. ನನ್ನ ಹೆಬ್ಬೆರಳು ಐಎಸ್‌ಒ ಚಕ್ರ ತಿರುಗಿಸಿತು. ಇನ್ನೂರು, ನಾನೂರು, ಎಂಟುನೂರು. ಕಿಂಡಿಯೊಳಗೆ ಬೆಳಗಾಗುತ್ತ ಬಂತು. ಮೂರು ಸಾವಿರದ ಇನ್ನೂರಕ್ಕೆ ಆರೂ ಮಂದಿ ಕಣ್ಣಿಗೆ ಕಂಡಂತೆಯೇ ಸ್ಪಷ್ಟವಾಗಿ ನಿಂತಿದ್ದರು. ಸಮಾಧಾನವಾಯಿತು. ಒಂದು, ಎರಡು, ಮೂರು ಎಂದು ಎಣಿಸಿ ಮೂರು ಫ್ರೇಮು ತೆಗೆದೆ. ದೀಪಗಳು ಮೂರು ಸಲವೂ ಹೊಡೆದವು. ಸಾಹೇಬರು ಕುರ್ಚಿಗೆ ಹೋಗಿ ಕೂತರು. ಉಪ್ಪಿಟ್ಟು, ಚಹಾ ಆಯಿತು. ಲೇಥ್ ಆಪರೇಟರ್ ಮೂರು ಸಲ ಬೈ ಹೇಳಿ ಮೂರು ಸಲವೂ ವಾಪಸ್ ಬಂದು ಸಾಹೇಬರ ಕೈ ಹಿಡಿದ. ಒಂಬತ್ತೂವರೆಗೆ ನಾನು ಮೆಟ್ರೋ ಹಿಡಿದೆ.

ಮನೆಯಲ್ಲಿ ಕಂಪ್ಯೂಟರ್ ತೆರೆದಾಗ ಹತ್ತೂವರೆ.

ವರಾಂಡದ ಹಿಂದಿನ ತೆರೆದ ಅಂಗಳ, ಫ್ಲಾಶ್ ಅಲ್ಲಿಗೆ ತಲುಪದ್ದರಿಂದ, ಚೆನ್ನಾಗಿ ಬಂದಿತ್ತು. ಅದರಾಚೆಯ ತುಳಸಿಗಿಡದ ಎಲೆ ಎಣಿಸಬಹುದಿತ್ತು. ಮನುಷ್ಯರು ಮಾತ್ರ ಇರಲಿಲ್ಲ. ಆರು ಮಂದಿ ನಿಂತ ಕಡೆ ಆರು ಬಿಳಿ ಆಕಾರಗಳು, ಸುಣ್ಣ ಎರಚಿದಂತೆ. ಮುಖವಿಲ್ಲ, ಅಂಗಿಯಿಲ್ಲ, ಕೈಯಿಲ್ಲ. ಕೆಳಗೆ ಆರು ಜೋಡಿ ಬೂಟುಗಳು ಮಾತ್ರ, ಕಪ್ಪಾಗಿದ್ದುದರಿಂದ, ಲೇಸಿನ ಗಂಟಿನ ಸಮೇತ ಬಂದಿದ್ದವು. ಮೂರು ಖಾಲಿ ಜಾಗಗಳಲ್ಲಿ ಹಿಂದಿನದೆಲ್ಲ ಸ್ಪಷ್ಟವಾಗಿತ್ತು. ಇದ್ದವರು ಅಳಿಸಿಹೋಗಿದ್ದರು, ಇಲ್ಲದವರ ಜಾಗ ಸರಿಯಾಗಿತ್ತು. ಮೂರು ಫ್ರೇಮಿನಲ್ಲೂ ಹೀಗೆಯೇ.

ಅಂಗಡಿಯವನಿಗೆ ಫೋನ್ ಮಾಡಿದೆ. ಅವನು ಪೂರ್ತಿ ಕೇಳಲೂ ಇಲ್ಲ.

"ಅಂಕಲ್, ಫ್ಲಾಶ್ ಲಗಾಯೇ ತೋ ವೋ ಪ್ರಿವ್ಯೂ ಆಫ್ ಕರ್ನಾ ಥಾ."

ಫ್ಲಾಶ್ ಹಾಕಿದರೆ ಪ್ರಿವ್ಯೂ ಎಂಬುದನ್ನು ಬಂದ್ ಮಾಡಬೇಕಿತ್ತಂತೆ. ಅವನು ವಿವರಿಸಿದ್ದು ಇಷ್ಟು. ಆ ಪುಟ್ಟ ಟಿವಿ ಫ್ಲಾಶ್ ಇಲ್ಲದ ಫೋಟೋ ಹೇಗೆ ಬರುತ್ತದೋ ಅದನ್ನು ತೋರಿಸುತ್ತದೆ. ಫ್ಲಾಶ್ ಹೊಡೆಯಲಿದೆ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಆದ್ದರಿಂದ ಕತ್ತಲೆ ಕಾಣುವುದು ಸಹಜ. ಕತ್ತಲೆಯಲ್ಲೇ ಒತ್ತಿದ್ದರೆ ಫೋಟೋ ಸರಿಯಾಗಿ ಬರುತ್ತಿತ್ತು. ನಾನು ಟಿವಿ ಬೆಳ್ಳಗಾಗಲಿ ಎಂದು ಕ್ಯಾಮೆರಾವನ್ನು ಮೂವತ್ತೆರಡು ಪಟ್ಟು ಚುರುಕುಗೊಳಿಸಿದೆ, ಮೇಲೆ ಫ್ಲಾಶೂ ಬಂದು ಬಿತ್ತು.

"ಇದನ್ನ ಮಾರೋವಾಗ ಯಾಕ ಹೇಳಲಿಲ್ಲ?" ಎಂದು ಹಿಂದಿಯಲ್ಲಿ ಕೂಗಾಡಿದೆ.

"ಸಬ್ಕೋ ಮಾಲೂಮ್ ಹೈ ಅಂಕಲ್."

ಎಲ್ಲರಿಗೂ ಗೊತ್ತಂತೆ. ಆ ಪ್ರಿವ್ಯೂ ಬಂದ್ ಮಾಡುವ ಜಾಗ ಯಾವುದು ಎಂದರೆ, ಮೂರನೇ ಪುಟ ಇರಬೇಕು, ಇಲ್ಲ ನಾಲ್ಕನೆಯದು, ಒಂದೊಂದು ಮಾಡೆಲ್‌ನಲ್ಲಿ ಒಂದೊಂದು ಹೆಸರು ಎಂದ. ಮಧ್ಯಾಹ್ನದವರೆಗೆ ಹುಡುಕಿದೆ. ಸಿಗಲಿಲ್ಲ. ಮೂವತ್ನಾಲ್ಕು ವರ್ಷ ಬಿರುಕುಗಳ ಫೋಟೋ ತೆಗೆದಿದ್ದೇನೆ, ಕೂದಲೆಳೆಯಷ್ಟು ಸಣ್ಣವು. ಒಂದೂ ತಪ್ಪಿರಲಿಲ್ಲ.

ಐದು ಮಂದಿಗೂ ಫೋನ್ ಮಾಡಿದೆ. ಒಬ್ಬ ಆಗಲೇ ಬೀದರಿನ ಬಸ್ಸಿನಲ್ಲಿದ್ದ. ಒಬ್ಬನಿಗೆ ಸೋಮವಾರ, ಮಂಗಳವಾರ ಎರಡೂ ದಿನ ಆಸ್ಪತ್ರೆ. ಇಬ್ಬರು ಎತ್ತಲೇ ಇಲ್ಲ. ಲೇಥ್ ಆಪರೇಟರ್ ಮೊದಲು ನಕ್ಕ, ಆಮೇಲೆ ಕೇಳಿದ.

"ಸಾಹೇಬ್ರಿಗೆ ಹೇಳೀಯೇನು?"

"ಇಲ್ಲ."

"ಹೇಳಬ್ಯಾಡ. ಮತ್ತ ನಿಂದರ್ಸತೀಯೇನು ಅವರನ್ನ?"

ಹೇಳದಿರುವುದು ನಮ್ಮ ಟೂಲ್ ರೂಮಿನಲ್ಲಿ ಇರಲಿಲ್ಲ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಆ ಬಿಳಿ ಫೋಟೋದ ಪ್ರಿಂಟ್ ಹಿಡಿದು ತಾರ್ನಾಕಕ್ಕೆ ಹೋದೆ. ವರಾಂಡದಲ್ಲಿ ರಟ್ಟಿನ ಪೆಟ್ಟಿಗೆಗಳ ಸಾಲು. ಸಾಹೇಬರು ಪ್ರಿಂಟನ್ನು ಕಣ್ಣ ಹತ್ತಿರ ಹಿಡಿದು, ಎಡದಿಂದ ಬಲಕ್ಕೆ ನಿಧಾನವಾಗಿ ನೋಡಿದರು.

"ಬೂಟು ಛಲೋ ಬಂದಾವ," ಎಂದರು. "ಉಳಿದದ್ದು ನಮ್ಮ ಹತ್ಯಾರದ ಹಲಗಿ ಕಂಡಂಗ ಕಾಣತೈತಿ. ಎಲ್ಲಾ ಹತ್ಯಾರ ಯಾರೋ ಒಯ್ದಾರ."

"ತಪ್ಪಾತ್ರಿ ಸಾಹೇಬ್ರ."

"ತಪ್ಪಾತು ಅಂದ್ರ ಏನ್ ಮಾಡತಿದ್ವಿ?"

ಚೀಟಿ ಬರೆಯುತ್ತಿದ್ದೆವು. ಕೆಟ್ಟುಹೋದ ಪ್ರತಿ ನಗಕ್ಕೆ, ಅಂದರೆ ಮಾಡಿದ ಪ್ರತಿ ಬಿಡಿಭಾಗಕ್ಕೆ, ಒಂದು ರಿಜೆಕ್ಷನ್ ಚೀಟಿ, ಕೆಡಿಸಿದವನದೇ ಕೈಬರಹ. ಏನು ಕೆಟ್ಟಿತು, ಯಾಕೆ ಕೆಟ್ಟಿತು, ಮುಂದೇನು: ಬಿಸಾಡುವುದೋ, ಮತ್ತೆ ಮಾಡುವುದೋ. ಸಾಹೇಬರು ಸಾಮಾನು ಪಟ್ಟಿಯ ಒಂದು ಹಾಳೆ ಹರಿದು, ಬೆನ್ನಿನ ಕಡೆ ತಿರುಗಿಸಿ ಕೊಟ್ಟರು. ನಾನು ಬರೆದೆ: ಕಾರಣ, ಹೊಸ ಕ್ಯಾಮೆರಾದ ಕಿಂಡಿ ತಪ್ಪು ತೋರಿಸಿತು.

ಅವರು ನನ್ನ ಪೆನ್ನು ಕಸಿದು ಅಡ್ಡಗೆರೆ ಎಳೆದರು.

"ಮಷೀನಿನ ಮ್ಯಾಲೆ ಬರಿಯಾಂಗಿಲ್ಲ ಅಂತ ಎಷ್ಟ ಸಲ ಹೇಳೀನಿ? ಮಷೀನಿಗೆ ಪೆನ್ಷನ್ ಬರತೈತೇನು?"

"ಕತ್ತಲಿ ಕಾಣತಿತ್ರಿ. ಯಾರ ಇದ್ರೂ..."

"ನಿನ್ನ ಪುಸ್ತಕದಾಗ ಎಷ್ಟಿತ್ತು?"

"ನೂರ್ರಿ."

"ನೀ ಎಷ್ಟ ಇಟ್ಟಿ?"

ಹೇಳಿದೆ.

"ಪುಸ್ತಕ ಯಾರ ಬರದಿದ್ದು?"

"ನಾನಽರಿ."

"ಹಂಗಾದ್ರ ಬರಿ."

ಹೊಸದಾಗಿ ಬರೆದೆ: ಕಾರಣ, ಅಳತೆ ಬಿಟ್ಟು ಕಣ್ಣಿಗೆ ಕಂಡದ್ದನ್ನು ನಂಬಿದೆ. ಬರೆಯುವಾಗ ನನಗೆ ಸಿಟ್ಟು ಇಳಿದಿರಲಿಲ್ಲ. ಈಗಲೂ ಪೂರ್ತಿ ಇಳಿದಿಲ್ಲ. ಕಂಡದ್ದೇ ಬರುತ್ತದೆ ಎಂದು ಹೇಳಿ ಮಾರಿದವರು ಅಂಗಡಿಯವರು. ಆದರೆ ಪದ್ಧತಿ ಬಿಟ್ಟವನು ನಾನು. ಎಷ್ಟೋ ವರ್ಷ ಕಣ್ಣು ಮುಚ್ಚಿ ಪಾಲಿಸಿದ ಅಂಕಿಗಳನ್ನು, ಪಾಲಿಸಲೇಬೇಕಾದ ಒಂದು ದಿನ ಬಿಟ್ಟೆ.

ಮೂರನೇ ಸಾಲು ಖಾಲಿ ಇತ್ತು. ಬಿಸಾಡುವುದೋ, ಮತ್ತೆ ಮಾಡುವುದೋ. ನಾನು ಬರೆಯಲಿಲ್ಲ. ಸಾಹೇಬರೇ ಹೇಳಿದರು.

"ಸಾಮಾನು ಕಟ್ಟವ್ರು ನಾಳೆ ಒಂಬತ್ತಕ್ಕ ಬರತಾರ. ಏಳೂವರಿಗೆ ಬಾ."

"ಉಳಿದವರು ಬರೂದಿಲ್ರಿ."

"ನಾ ಇದ್ದೀನಲ್ಲ."

ಆ ದಿನ ಮಧ್ಯಾಹ್ನ ನಮ್ಮ ಮನೆಯ ಹಿಂದಿನ ನೆರಳಿನಲ್ಲಿ ಎರಡು ದೀಪ, ಛತ್ರಿ, ಟ್ರಿಗರ್, ಕ್ಯಾಮೆರಾ ಎಲ್ಲ ಒಟ್ಟಿಗೆ ಜೋಡಿಸಿ ಹೆಂಡತಿಯನ್ನು ನಿಲ್ಲಿಸಿದೆ. ನೋಟ್‌ಬುಕ್ಕಿನ ಅಂಕಿಗಳು. ಕಿಂಡಿಯಲ್ಲಿ ಕತ್ತಲೆ. ಒತ್ತಿದೆ. ಹೆಂಡತಿ ಸರಿಯಾಗಿ ಬಂದಿದ್ದಳು, ಬೇಸರದ ಮುಖದ ಸಮೇತ.

ಮಂಗಳವಾರ ಏಳೂವರೆಗೆ ಸಾಹೇಬರು ಪಾಲಿಶ್ ಮಾಡಿದ ಬೂಟು ಹಾಕಿ ತಯಾರಾಗಿದ್ದರು. ಪೆಟ್ಟಿಗೆಗಳನ್ನು ಒಳಗೆ ಸರಿಸಿ ವರಾಂಡ ಖಾಲಿ ಮಾಡಿದೆ. ಹದಿನಾರು ಅಡಿ ಎರಡು ಇಂಚು. ನಾಲ್ಕು ಅಡಿ. ಎಂಟು, ನೂರ ಇಪ್ಪತ್ತೈದು, ನೂರು. ಅವರು ಕೋಲನ್ನು ಕಂಬದ ಹಿಂದೆ ಒರಗಿಸಿ ಎಡತುದಿಯ ತಮ್ಮ ಜಾಗದಲ್ಲಿ ನಿಂತರು. ಬಲಕ್ಕೆ ಎಂಟು ಜಾಗ ಖಾಲಿ. ನಡುವೆ ಬಂದು ನಿಲ್ಲಿ ಎಂದು ನಾನು ಹೇಳಲಿಲ್ಲ, ಹೇಳಿದ್ದರೂ ಬರುತ್ತಿರಲಿಲ್ಲ.

ಕಿಂಡಿಗೆ ಕಣ್ಣಿಟ್ಟೆ. ಕತ್ತಲೆ. ಬೆರಳು ಚಕ್ರದ ಕಡೆ ಹೋಯಿತು. ಹಿಂದಕ್ಕೆ ತೆಗೆದುಕೊಂಡೆ.

"ಕಾಣಾಕತ್ತೀನೇನು?" ಎಂದರು.

"ಇಲ್ರಿ."

"ಛಲೋ ಆತು. ಒತ್ತು."

ಒಂದು, ಎರಡು, ಮೂರು. ಮೂರು ಸಲ ದೀಪ ಹೊಡೆಯಿತು. ನಾನು ಟ್ರಿಗರ್ ಬಿಚ್ಚಲು ಕೈ ಹಾಕಿದೆ. ಅವರು ಅಲ್ಲಾಡಲಿಲ್ಲ.

"ಬೆನ್ನಾಗ ನೋಡು."

"ನೋಡಬಾರದು ಅಂತ ನೀವಽ..."

"ನಾ ಕುಂದ್ರೂಕಿಂತ ಮೊದಲ ನೋಡಲೇ. ಮೂರನೇ ಸಲ ಈ ಮೊಳಕಾಲು ಏಳೂದಿಲ್ಲ."

ಗುಂಡಿ ಒತ್ತಿ ನೋಡಿದೆ. ಸಾಹೇಬರು ನಿಂತಿದ್ದರು. ಕನ್ನಡಕದ ಹಿಂದೆ ಕಣ್ಣು, ಅಂಗಿಯ ಮೇಲಿನ ಗುಂಡಿ, ತೊಡೆಗೆ ಒತ್ತಿ ಹಿಡಿದ ಕೈ. ಪಕ್ಕದಲ್ಲಿ ಉದ್ದಕ್ಕೂ ಬರೀ ವರಾಂಡ.

"ಬಂದೀರ್ರಿ."

"ಬೂಟು?"

"ಬೂಟೂ ಬಂದಾವ್ರಿ."

"ಚೀಟಿ ತಾ."

ನಿಂತುಕೊಂಡೇ, ಹಾಳೆಯನ್ನು ಕಂಬಕ್ಕೆ ಒತ್ತಿ ಹಿಡಿದು, ಮೂರನೇ ಸಾಲು ತಾವೇ ತುಂಬಿ ಸಹಿ ಹಾಕಿದರು. ಆಮೇಲೆ ಕೋಲು ತೆಗೆದುಕೊಂಡು ಕುರ್ಚಿಗೆ ಹೋದರು. ಹಾಳೆಯಲ್ಲಿ ಹೀಗಿತ್ತು: ಮತ್ತೆ ಮಾಡಿದ್ದು, ಒಂದು ನಗ ಪಾಸ್. ಐದು ಬಾಕಿ.

ಆಲ್ಬಮ್ಮಿನಲ್ಲಿ ಬಿಳಿ ಫೋಟೋ, ಅದರ ಪಕ್ಕ ಸಾಹೇಬರ ಫೋಟೋ, ಕೆಳಗೆ ಆ ಚೀಟಿ ಅಂಟಿಸಿದ್ದೇನೆ. ಒಬ್ಬೊಬ್ಬರಾಗಿ ಬಂದು ತಮ್ಮ ಜಾಗದಲ್ಲಿ ನಿಲ್ಲಲು ಐದೂ ಮಂದಿಯನ್ನು ದಿನ ಕೇಳಿ ಪಟ್ಟಿ ಮಾಡಿದ್ದೇನೆ. ತಾರ್ನಾಕದ ಮನೆಗೆ ಹೊಸ ಬಾಡಿಗೆಯವರು ಬಂದಿದ್ದಾರೆ. ವರಾಂಡವನ್ನು ಐದು ಬೆಳಿಗ್ಗೆ ಹತ್ತು ಹತ್ತು ನಿಮಿಷ ಬಿಟ್ಟುಕೊಡಲು ಒಪ್ಪಿಸಿ ಬಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಲೇಥ್ ಆಪರೇಟರ್ ಎರಡು ಸಲ ದಿನ ಮುಂದೂಡಿದ್ದಾನೆ, ಗಚ್ಚಿಬೌಲಿಯ ಟ್ರಾಫಿಕ್ ನೆವ ಹೇಳಿ. ಬರುವ ಭಾನುವಾರ ಏಳೂವರೆಗೆ ಬೂಟು ಹಾಕಿಕೊಂಡು ಬಾ ಎಂದು ಮತ್ತೆ ಹೇಳಿದ್ದೇನೆ. ಮೆನುವಿನ ಆ ಪುಟ ನನಗೆ ಇನ್ನೂ ಸಿಕ್ಕಿಲ್ಲ.